ಆರ್ಥೊಜೆನಿಕ್ ಶಾಲೆಯೂ ಅದರ ಗ್ರಂಥಸಾಕ್ಷ್ಯವೂ

ಸಂಸ್ಥೆಯೊಂದರ ಚರಿತ್ರೆಯನ್ನು ಬರೆಯಹೊರಟವರಿಗೆ ಸಾಮಾನ್ಯವಾಗಿ ಸಾಮಗ್ರಿಯ ಅಭಾವವೇ ತೊಡಕಾಗಿ ಪರಿಣಮಿಸುತ್ತದೆ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಚಿಕಾಗೋ ನಗರದಲ್ಲಿರುವ ಆರ್ಥೊಜೆನಿಕ್ ಶಾಲೆಯ ವಿಷಯದಲ್ಲಿ ತೊಡಕು ಬೇರೆ ಬಗೆಯದು. ಭಾವಕ್ಷೋಭೆಗೆ ಸಿಕ್ಕಿ, ಮನೆಯಲ್ಲಿಯೂ ಸಾಧಾರಣ ಪಾಠಶಾಲೆಗಳಲ್ಲಿಯೂ ನೆಲೆಗಾಣದ ಮಕ್ಕಳನ್ನು ವರ್ಷಗಟ್ಟಲೆ ತನ್ನಲ್ಲಿರಿಸಿಕೊಂಡು, ಚಿಕಿತ್ಸೆಯನ್ನೂ ವಿದ್ಯೆಯನ್ನೂ ಒಟ್ಟಿಗೆ ನೀಡಿದ ಈ ಶಾಲೆಯನ್ನು ಕುರಿತು ಸಾವಿರಾರು ಪುಟಗಳ ಬರವಣಿಗೆಯುಂಟು. ಆದರೆ 1990ರವರೆಗೆ ಅದರಲ್ಲಿ ಬಹುಭಾಗವು ಒಬ್ಬನೇ ವ್ಯಕ್ತಿಯ ಲೇಖನಿಯಿಂದ ಬಂದುದು. ಆತನೇ ಶಾಲೆಯ ಮುಖ್ಯಾಧಿಕಾರಿ, ಆತನೇ ಚಿಕಿತ್ಸಕ, ಆತನೇ ಚರಿತ್ರಕಾರ. ಮಗುವಿಗೆ ಗುಣವಾಯಿತೆ ಇಲ್ಲವೆ ಎಂಬುದಕ್ಕೆ ತೀರ್ಪುಗಾರನೂ ಆತನೇ. ಬ್ರೂನೋ ಬೆಟೆಲ್‌ಹೈಮ್ ಎಂಬ ಆ ವ್ಯಕ್ತಿಯ ಗ್ರಂಥಗಳು, ಶಿಕ್ಷಣಶಾಸ್ತ್ರವನ್ನೋ ಜನಪದ ಕಥೆಗಳನ್ನೋ ಇಂಗ್ಲಿಷಿನಲ್ಲಿ ವ್ಯಾಸಂಗಮಾಡಿದ ಕನ್ನಡ ಅಧ್ಯಾಪಕರಿಗೆ ತೀರ ಅಪರಿಚಿತವಲ್ಲ. ಆದುದರಿಂದ ಗ್ರಂಥಗಳೊಳಗಿನ ಶಾಲೆಗೂ ಇಟ್ಟಿಗೆ ಗಾರೆಗಳ ಶಾಲೆಗೂ ಇದ್ದ ಸಂಬಂಧವೆಂತಹುದೆಂಬ ಪ್ರಶ್ನೆ ವಿಚಾರಾರ್ಹವಾಗಿದೆ.

ಶಾಲೆಯ ಆರಂಭವು ಬೆಟೆಲ್‌ಹೈಮನಿಗಿಂತ ಹಿಂದಿನದು. 1912ರಲ್ಲಿ ಚಿಕಾಗೋವಿನ ರಷ್ ವೈದ್ಯ ಕಾಲೇಜಿನ ಆಶ್ರಯದಲ್ಲಿ ಅದು ಹುಟ್ಟಿತು. ‘ಆರ್ಥೊಜೆನಿಕ್’ ಎಂಬುದು ಗ್ರೀಕ್ ಮೂಲದ ಶಬ್ದ. ‘ನೇರವಾದ ಬೆಳವಣಿಗೆ’ಯೆಂದು ಅದರ ತಾತ್ಪರ್ಯ. 1896ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ಚಿಕಿತ್ಸಾಲಯವೊಂದನ್ನು ತೆರೆದ ಲೈಟ್ನರ್ ವಿಟ್ಮರನು ಈ ಶಬ್ದವನ್ನು ಬಳಕೆಗೆ ತಂದನು. ಬಾಗಿದ ಸಸಿಗೆ ಊರುಗೋಲು ಕೊಟ್ಟಂತೆ, ಹಿಂದುಳಿದ ಮಗುವಿನ ಕೊರತೆಯನ್ನು ಅಳೆದು, ಕಾರಣವನ್ನು ಹುಡುಕಿ ನೇರಗೊಳಿಸಬಹುದೆಂಬುದು ಆ ಕಾಲದ ನಂಬಿಕೆ. ಹೀಗೆ ಮೊದಲಿನ ಮಕ್ಕಳಲ್ಲಿ ಬುದ್ಧಿಮಾಂದ್ಯವುಳ್ಳವರು, ಮೂರ್ಛೆರೋಗಿಗಳು, ಮಿದುಳಿಗೆ ಪೆಟ್ಟಾದವರು ಎಲ್ಲರೂ ಸೇರಿದ್ದರು. 1930ರ ಸುಮಾರಿಗೆ ಶಾಲೆಯು ಚಿಕಾಗೋ ವಿಶ್ವವಿದ್ಯಾನಿಲಯದ ಅಧೀನಕ್ಕೆ ಬಂದಿತು. ಮ್ಯಾಂಡೆಲ್ ಶೆರ್ಮನ್ ಎಂಬ ಮನೋವೈದ್ಯನು ಅದನ್ನು ನಡಸಿದನು. ಸೋನಿಯಾ ಶಾಂಕ್ಮನ್ ಎಂಬ ಹೆಸರು ಶಾಲೆಯ ಹೆಸರಿನ ಹಿಂದೆ ಸೇರಿದುದು ಆಮೇಲೆ. ಈ ಮೂವತ್ತೆರಡು ವರ್ಷಗಳ ಚರಿತ್ರೆಯನ್ನು ಲೋಕವು ಬಹುಮಟ್ಟಿಗೆ ಮರೆತಿದೆ. ಮುಂದೆ ಬಂದ ಗ್ರಂಥಗಳ ಪ್ರಭೆಯಲ್ಲಿ ಅದು ಮಸುಕಾದುದೇ ಇದಕ್ಕೆ ಕಾರಣ.

ಆ ಗ್ರಂಥಗಳ ಹಿಂದಿದ್ದ ವಿಚಾರಗಳ ತವರು ಚಿಕಾಗೋ ಅಲ್ಲ, ವಿಯೆನ್ನಾ. ಮೊದಲನೆಯ ಮಹಾಯುದ್ಧವು ಮುಗಿದ 1918ರಲ್ಲಿ ಆಗಸ್ಟ್ ಐಕ್‌ಹಾರ್ನ್ ಎಂಬ ಉಪಾಧ್ಯಾಯನು ಆಸ್ಟ್ರಿಯಾದ ಓಬರ್‌ಹೊಲ್ಲಾಬ್ರುನ್ ಎಂಬಲ್ಲಿ, ಯುದ್ಧದ ನಿರಾಶ್ರಿತರು ಬಿಟ್ಟುಹೋಗಿದ್ದ ಶಿಬಿರದಲ್ಲಿ, ದಾರಿತಪ್ಪಿದ ಹುಡುಗರಿಗಾಗಿ ಒಂದು ನೆಲೆಯನ್ನು ಕಟ್ಟಿದನು. ಎಲ್ಲರಿಗಿಂತ ಉದ್ದಂಡರಾದ ಹನ್ನೆರಡು ಮಂದಿ ಹುಡುಗರನ್ನು ಒಂದೇ ಗುಂಪಿನಲ್ಲಿರಿಸಿ, ಅವರು ಏನೇ ಮಾಡಿದರೂ ದಂಡಿಸಕೂಡದೆಂದು ಆತನು ಕಟ್ಟಪ್ಪಣೆಮಾಡಿದನು. ಹುಡುಗರು ಮೇಜು ಕುರ್ಚಿಗಳನ್ನು ಮುರಿದರು, ಕಿಟಕಿಗಳನ್ನು ಒಡೆದರು, ಒಬ್ಬರ ಮೇಲೊಬ್ಬರು ಬಿದ್ದರು. ಕೋಪಕ್ಕೆ ಪ್ರತಿಕೋಪವು ದೊರೆಯದಿದ್ದಾಗ ಅವರ ಆರ್ಭಟವು ಮೊದಲು ಹೆಚ್ಚಿ, ಕೊನೆಗೆ ಅಳುವಾಗಿ ಒಡೆಯಿತು. ಶಿಕ್ಷಣಕ್ಕೆ ದಾರಿಯಾದುದು ಅನಂತರ. ಈ ಅನುಭವವನ್ನು ಐಕ್‌ಹಾರ್ನನು 1925ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದಾಗ ಫ್ರಾಯ್ಡನೇ ಅದಕ್ಕೆ ಮುನ್ನುಡಿಯನ್ನು ಬರೆದುಕೊಟ್ಟನು. ಐಕ್‌ಹಾರ್ನನ ಶಿಷ್ಯನಾದ ಫ್ರಿಟ್ಸ್ ರೆಡ್ಲನು ಈ ಮಾರ್ಗವನ್ನು ಅಮೆರಿಕಾಕ್ಕೆ ಒಯ್ದು, 1946ರಿಂದ 1948ರವರೆಗೆ ಡೆಟ್ರಾಯಿಟ್ ನಗರದಲ್ಲಿ ‘ಪಯೊನಿಯರ್ ಹೌಸ್’ ಎಂಬ ಸಣ್ಣ ಗೃಹವನ್ನು ನಡಸಿದನು. ಅದು ಎರಡು ವರ್ಷಗಳೊಳಗೆ ಮುಚ್ಚಿಹೋಯಿತು. ವಿಶ್ವವಿದ್ಯಾನಿಲಯವೊಂದರ ಆಸರೆಯಿದ್ದ ಚಿಕಾಗೋ ಶಾಲೆಯು ಉಳಿದು ಬೆಳೆಯಿತು.

ಬೆಟೆಲ್‌ಹೈಮನು 1903ರಲ್ಲಿ ವಿಯೆನ್ನಾದಲ್ಲಿ, ಮರದ ವ್ಯಾಪಾರಮಾಡುತ್ತಿದ್ದ ಯೆಹೂದ್ಯ ಕುಟುಂಬದಲ್ಲಿ ಜನಿಸಿದನು. 1938ರಲ್ಲಿ ಆತನಿಗೆ ಡಾಕ್ಟರ್ ಪದವಿ ದೊರೆತುದು ವೈದ್ಯದಲ್ಲಿಯೂ ಅಲ್ಲ, ಮನಶ್ಶಾಸ್ತ್ರದಲ್ಲಿಯೂ ಅಲ್ಲ, ಸೌಂದರ್ಯಮೀಮಾಂಸೆಗೆ ಸಂಬಂಧಿಸಿದ ತತ್ತ್ವಶಾಸ್ತ್ರದಲ್ಲಿ. ಅದೇ ವರ್ಷ ನಾಜಿಗಳು ಆಸ್ಟ್ರಿಯಾವನ್ನು ವಶಪಡಿಸಿಕೊಂಡರು. ಆತನನ್ನು ಹಿಡಿದು ಮೊದಲು ಡಾಖಾವ್, ಅನಂತರ ಬೂಖೆನ್‌ವಾಲ್ಡ್ ಬಂಧನ ಶಿಬಿರಗಳಲ್ಲಿ ಸುಮಾರು ಹತ್ತು ತಿಂಗಳು ಇರಿಸಿದ್ದರು. 1939ರಲ್ಲಿ ಬಿಡುಗಡೆಹೊಂದಿ ಅಮೆರಿಕಾಕ್ಕೆ ಬಂದನು. ಶಿಬಿರದ ಅನುಭವವನ್ನು ಕುರಿತು 1943ರಲ್ಲಿ ಬರೆದ ಪ್ರಬಂಧವು ಆತನಿಗೆ ಹೆಸರು ತಂದಿತು. ಮರುವರ್ಷ, 1944ರಲ್ಲಿ, ಆರ್ಥೊಜೆನಿಕ್ ಶಾಲೆಯ ಆಡಳಿತವು ಆತನ ಕೈಸೇರಿತು. ಮಿದುಳಿನ ವ್ಯಾಧಿಯಿದ್ದ ಮಕ್ಕಳನ್ನು ಬೇರೆಡೆಗೆ ಕಳುಹಿಸಿ, ಮನಸ್ಸಿನಲ್ಲಿ ಮಾತ್ರ ಗಾಯವುಳ್ಳವರೆಂದು ತಾನೆಣಿಸಿದವರನ್ನು ಆತನು ಉಳಿಸಿಕೊಂಡನು.

ಆತನ ವಾದದ ಬೀಜವು ಶಿಬಿರದಲ್ಲಿಯೇ ಬಿದ್ದಿತ್ತೆಂದು ಆತನೇ ಹೇಳಿಕೊಂಡಿದ್ದಾನೆ. ಬುದ್ಧಿಪೂರ್ವಕವಾಗಿ ರಚಿಸಿದ ದುಷ್ಟ ಆವರಣವೊಂದು ಪ್ರೌಢರ ವ್ಯಕ್ತಿತ್ವವನ್ನೇ ಕೆಲವು ತಿಂಗಳುಗಳಲ್ಲಿ ಮುರಿಯಬಲ್ಲುದಾದರೆ, ಅಷ್ಟೇ ಬುದ್ಧಿಪೂರ್ವಕವಾಗಿ ರಚಿಸಿದ ಹಿತವಾದ ಆವರಣವು ಮುರಿದ ವ್ಯಕ್ತಿತ್ವವನ್ನು ಕಟ್ಟಲಾರದೆ? ಎಮ್ಮಿ ಸಿಲ್ವೆಸ್ಟರ್ ಎಂಬ ವೈದ್ಯೆಯೊಡಗೂಡಿ 1948ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದಕ್ಕೆ ‘ಚಿಕಿತ್ಸಾತ್ಮಕ ಆವರಣ’ ಎಂಬರ್ಥದ ಹೆಸರನ್ನಿಟ್ಟನು. ವಾರಕ್ಕೆ ಕೆಲವು ಗಂಟೆಗಳ ಕಾಲ ವೈದ್ಯನೆದುರು ಕುಳಿತು ಮಾತನಾಡುವುದರಿಂದ ಇಂತಹ ಮಗುವಿಗೆ ಫಲವಿಲ್ಲ. ಏಳುವುದು, ಉಣ್ಣುವುದು, ಮೀಯುವುದು, ಮಲಗುವುದು ಇವುಗಳೇ ಚಿಕಿತ್ಸೆಯಾಗಬೇಕು ಎಂಬುದು ಇದರ ತಿರುಳು.

ಕಟ್ಟಡದ ವಿವರಗಳಲ್ಲಿಯೂ ಈ ತತ್ತ್ವವನ್ನು ಅನುಸರಿಸಿದುದು ಕಾಣಬರುತ್ತದೆ. ಮಿಡ್‌ವೇ ಎಂಬ ವಿಶಾಲವಾದ ಹುಲ್ಲುಬಯಲಿನ ದಕ್ಷಿಣಕ್ಕೆ, 60ನೆಯ ಬೀದಿಯಲ್ಲಿ ಶಾಲೆಯಿತ್ತು. ಅದರ ಬಾಗಿಲು ಹೊರಗಿನವರಿಗೆ ಬೀಗ, ಒಳಗಿನ ಮಕ್ಕಳಿಗೆ ಬೀಗವಿಲ್ಲ. ಊಟಕ್ಕೆ ತಗಡಿನ ತಟ್ಟೆಗಳಲ್ಲ, ಒಡೆಯಬಹುದಾದ ಪಿಂಗಾಣಿ. ಒಡೆದೀತೆಂಬ ಭಯಕ್ಕಿಂತ, ಒಳ್ಳೆಯ ಪಾತ್ರೆಗೆ ತಾನು ಅರ್ಹನೆಂಬ ಭಾವವು ಮಗುವಿಗೆ ಮುಖ್ಯವೆಂದು ಎಣಿಕೆ. ಮಿಠಾಯಿ ತುಂಬಿದ ಬೀರುವು ಸದಾ ತೆರೆದಿರುತ್ತಿತ್ತು. ಆರೆಂಟು ಮಕ್ಕಳಿಗೊಂದು ಶಯನಗೃಹ. ಪ್ರತಿ ಗುಂಪಿಗೂ ಕೌನ್ಸಲರುಗಳೆಂಬ ಪಾಲಕರು. ಇವರಲ್ಲಿ ಹೆಚ್ಚಿನವರು ವಯಸ್ಸಿನಲ್ಲಿ ಚಿಕ್ಕವರಾದ ಮಹಿಳೆಯರು, ಅನೇಕರು ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿಯರು. ಮಗುವಿನ ಮಾತು, ಕನಸು, ಮೌನಗಳನ್ನೆಲ್ಲ ಇವರು ಬರೆದಿರಿಸುತ್ತಿದ್ದರು. ತಂದೆತಾಯಿಗಳ ಭೇಟಿಗೆ ಕಠಿನವಾದ ಮಿತಿಯಿತ್ತು.

ಕೌನ್ಸಲರುಗಳ ಈ ದಿನಚರಿಗಳಿಂದಲೇ 1950ರಲ್ಲಿ ‘ಲವ್ ಈಸ್ ನಾಟ್ ಎನಫ್’ ಎಂಬ ಗ್ರಂಥವು ಹುಟ್ಟಿತು. ಪ್ರೀತಿಯೊಂದೇ ಸಾಲದೆಂದು ಇದರರ್ಥ. ಸಾಹಿತ್ಯದೃಷ್ಟಿಯಿಂದ ಆತನ ಕೃತಿಗಳಲ್ಲಿ ಇದೇ ಶ್ರೇಷ್ಠವೆನ್ನಬಹುದು. ರೋಗಗಳ ವಿಂಗಡಣೆಯನ್ನು ಬಿಟ್ಟು, ಶಾಲೆಯ ಒಂದು ದಿನವನ್ನೇ ಗ್ರಂಥದ ಚೌಕಟ್ಟಾಗಿ ಆರಿಸಿಕೊಂಡಿದೆ: ಕನಸಿನಿಂದ ಎಚ್ಚರಕ್ಕೆ, ಪಾಠಕ್ಕೆ, ಊಟಕ್ಕೆ, ಆಟಕ್ಕೆ, ಸ್ನಾನಕ್ಕೆ, ಕೊನೆಗೆ ಹಾಸಿಗೆಗೆ. ಒಂದು ಕೆಲಸ ಮುಗಿದು ಇನ್ನೊಂದು ಮೊದಲಾಗುವ ಮಧ್ಯಂತರದಲ್ಲಿಯೇ, ಮೆಟ್ಟಿಲ ಮೇಲೆ, ಬಾಗಿಲ ಬಳಿ, ಕೊಠಡಿಯಿಂದ ಕೊಠಡಿಗೆ ಹೋಗುವಾಗಲೇ, ಕ್ಷೋಭೆಗೊಂಡ ಮಗು ಹೆಚ್ಚಾಗಿ ಕುಸಿಯುತ್ತದೆಂಬ ಆತನ ವಿವೇಚನೆಯನ್ನು ತರಗತಿಯಲ್ಲಿ ನಿಂತು ಪಾಠಹೇಳಿದ ಯಾರೂ ಅಲ್ಲಗಳೆಯಲಾರರು. 1955ರಲ್ಲಿ ನಾಲ್ವರು ಮಕ್ಕಳ ವೃತ್ತಾಂತಗಳುಳ್ಳ ‘ಟ್ರೂಅಂಟ್ಸ್ ಫ್ರಮ್ ಲೈಫ್’ ಬಂದಿತು.

1956ರಲ್ಲಿ ಫೋರ್ಡ್ ಪ್ರತಿಷ್ಠಾನವು ಶಾಲೆಗೆ ದ್ರವ್ಯಸಹಾಯಮಾಡಿತು. ಆಟಿಸಂ, ಎಂದರೆ ಸ್ವಲೀನತೆಯುಳ್ಳ ಮಕ್ಕಳ ಅಧ್ಯಯನವೇ ಅದರ ಉದ್ದೇಶ. ಇದರ ಫಲವಾಗಿ 1967ರಲ್ಲಿ ಪ್ರಕಟವಾದ ‘ದಿ ಎಂಪ್ಟಿ ಫೋರ್ಟ್ರೆಸ್’ (ಬರಿದಾದ ಕೋಟೆ) ಬೆಟೆಲ್‌ಹೈಮನಿಗೆ ಜಗದ್ವಿಖ್ಯಾತಿಯನ್ನು ತಂದಿತು. ಅತ್ಯಂತ ಹೆಚ್ಚಿನ ಕೇಡನ್ನು ಮಾಡಿದ ಗ್ರಂಥವೂ ಅದೇ. ಜೋಯಿ ಎಂಬ ಹೆಸರಿನಿಂದ ಅಲ್ಲಿ ಬರುವ ಹುಡುಗನು ತಾನೊಂದು ಯಂತ್ರವೆಂದು ನಂಬಿದ್ದನು. ಕಾಣದ ತಂತಿಗಳಿಂದ ವಿದ್ಯುತ್ತಿಗೆ ತನ್ನನ್ನು ಜೋಡಿಸಿಕೊಂಡ ಹೊರತು ಉಣ್ಣಲಾರನು, ಮಲಗಲಾರನು. ನೋಡಿದವರೂ ಅರಿವಿಲ್ಲದೆ ಆ ಇಲ್ಲದ ತಂತಿಗಳನ್ನು ತುಳಿಯದಂತೆ ನಡೆಯುತ್ತಿದ್ದರಂತೆ. ಶಾಲೆಯನ್ನು ಬಿಟ್ಟ ಕೆಲವು ವರ್ಷಗಳ ಮೇಲೆ ಆತನು ತಾನೇ ಮಾಡಿದ ನಿಜವಾದ ವಿದ್ಯುದ್ಯಂತ್ರವೊಂದನ್ನು ಹಿಡಿದು ಅಲ್ಲಿಗೆ ಬಂದನೆಂದು ಕಥೆ ಮುಗಿಯುತ್ತದೆ. ಓದಿದವರು ಇದನ್ನು ಮರೆಯುವುದು ಕಷ್ಟ.

ಆದರೆ ಗ್ರಂಥದ ಸಿದ್ಧಾಂತವೇನು? ತನ್ನನ್ನು ಇಲ್ಲವಾಗಿಸಬೇಕೆಂದು ಬಯಸುವ ಲೋಕವೊಂದನ್ನು ಮಗು ಎಳವೆಯಲ್ಲಿಯೇ ಎದುರಿಸಿ, ಪ್ರಾಣಭಯದಿಂದ ಒಳಕ್ಕೆ ಸರಿದುಕೊಳ್ಳುತ್ತದೆ. ನಾಜಿ ಶಿಬಿರಗಳಲ್ಲಿ ಬದುಕಿನಾಸೆಯನ್ನು ತೊರೆದ ಬಂಧಿಗಳ ಸ್ಥಿತಿಗೆ ಇದು ಸಮಾನ. ಉಪಮೆಯನ್ನು ಪೂರ್ಣಗೊಳಿಸಿದರೆ ಶಿಬಿರದ ಕಾವಲುಗಾರನ ಸ್ಥಾನದಲ್ಲಿ ನಿಲ್ಲುವವಳು ತಾಯಿ. ಆಟಿಸಂ ಅನ್ನು 1943ರಲ್ಲಿ ಹನ್ನೊಂದು ಮಕ್ಕಳಲ್ಲಿ ಗುರುತಿಸಿ ವಿವರಿಸಿದ ಲಿಯೊ ಕ್ಯಾನರನು ತಂದೆತಾಯಿಗಳ ಶೀತಲ ಸ್ವಭಾವವನ್ನು ಪ್ರಸ್ತಾಪಿಸಿದ್ದುದು ನಿಜ. ಆದರೆ 1969ರಲ್ಲಿ, ಅಂತಹ ಮಕ್ಕಳ ಪೋಷಕರ ಸಭೆಯಲ್ಲಿಯೇ ನಿಂತು ಅವರನ್ನು ದೋಷಮುಕ್ತರನ್ನಾಗಿ ಸಾರಿದನು. ಅದಕ್ಕೂ ಮೊದಲು, 1964ರಲ್ಲಿ, ತಾನೇ ಅಂತಹ ಮಗುವಿನ ತಂದೆಯಾಗಿದ್ದ ಬರ್ನಾರ್ಡ್ ರಿಮ್ಲೆಂಡನು ಈ ಸ್ಥಿತಿಯು ನರಮಂಡಲಕ್ಕೆ ಸಂಬಂಧಿಸಿದುದೆಂದು ವಾದಿಸಿದ್ದನು. 1977ರಲ್ಲಿ ಫೋಲ್‌ಸ್ಟೈನ್ ಮತ್ತು ರಟ್ಟರ್ ಎಂಬವರು 21 ಜೊತೆ ಅವಳಿಮಕ್ಕಳನ್ನು ಪರೀಕ್ಷಿಸಿ ಅನುವಂಶಿಕತೆಯ ಪಾತ್ರವನ್ನು ತೋರಿಸಿಕೊಟ್ಟರು. ಇಷ್ಟರಲ್ಲಿ ಎಷ್ಟೋ ಮಂದಿ ತಾಯಂದಿರು ಹೊರಬಾರದಿದ್ದ ಅಪವಾದವನ್ನು ಹೊತ್ತು ಬಾಳಿದ್ದರು. ಶಾಲೆಯಲ್ಲಿ ಚಿಕಿತ್ಸೆಹೊಂದಿದ 40 ಮಂದಿಯಲ್ಲಿ ಐದರಲ್ಲಿ ನಾಲ್ಕು ಪಾಲು ಮಕ್ಕಳು ಸುಧಾರಿಸಿದರೆಂದು ಗ್ರಂಥವು ಹೇಳುತ್ತದೆ. ಆ ಮಕ್ಕಳೆಲ್ಲರೂ ನಿಜವಾಗಿ ಸ್ವಲೀನರೆ, ಸುಧಾರಣೆಯನ್ನು ಅಳೆದವರು ಯಾರು ಎಂಬ ಪ್ರಶ್ನೆಗಳಿಗೆ ಬೇರೆಯವರು ಪರಿಶೀಲಿಸಿದ ಉತ್ತರವು ಅಲ್ಲಿಲ್ಲ.

1973ರಲ್ಲಿ ಬೆಟೆಲ್‌ಹೈಮನು ಅಧಿಕಾರದಿಂದ ನಿವೃತ್ತನಾದನು. 1976ರಲ್ಲಿ ಬಂದ ‘ದಿ ಯೂಸಸ್ ಆಫ್ ಎನ್ಚಾಂಟ್ಮೆಂಟ್’ ಎಂಬ ಗ್ರಂಥವು ಸಾಹಿತ್ಯಾಧ್ಯಾಪಕರಿಗೆ ಹೆಚ್ಚು ಪರಿಚಿತ. ಮಕ್ಕಳ ಒಳಗಿನ ಭಯಗಳಿಗೆ ರೂಪಕೊಟ್ಟು, ಅವುಗಳನ್ನು ದಾಟುವ ದಾರಿಯನ್ನು ಕಿನ್ನರಕಥೆಗಳು ಸೂಚಿಸುತ್ತವೆಂಬುದು ಅದರ ಪ್ರತಿಪಾದನೆ. 1977ರಲ್ಲಿ ಅದಕ್ಕೆ ಅಮೆರಿಕಾದ ರಾಷ್ಟ್ರೀಯ ಗ್ರಂಥ ಪುರಸ್ಕಾರವು ಲಭಿಸಿತು. ಕ್ಷೋಭೆಗೊಂಡ ಮಕ್ಕಳೊಡನೆ ಕಳೆದ ದೀರ್ಘಾನುಭವವೇ ತನಗೆ ಆಧಾರವೆಂದು ಗ್ರಂಥಕರ್ತನು ಹೇಳುವುದರಿಂದ, ಇದನ್ನೂ ಶಾಲೆಯ ಗ್ರಂಥಗಳಲ್ಲೊಂದಾಗಿ ಎಣಿಸಬೇಕಾಗಿದೆ. ಹಿಂದೂ ವೈದ್ಯದಲ್ಲಿ ಮನಸ್ಸು ಕೆಟ್ಟವನಿಗೆ ಅವನ ತೊಡಕಿಗೆ ಹೊಂದುವ ಕಥೆಯೊಂದನ್ನು ಧ್ಯಾನಿಸಲು ಕೊಡುತ್ತಿದ್ದರೆಂಬ ಮಾತು ಅದರಲ್ಲಿ ಬರುತ್ತದೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ರೋಗಿಯ ಬಳಿ ಇರತಕ್ಕವರನ್ನು ಹೇಳುವಾಗ ಆಖ್ಯಾಯಿಕೆ, ಇತಿಹಾಸ, ಪುರಾಣಗಳಲ್ಲಿ ಕುಶಲರಾದವರನ್ನೂ ಸೇರಿಸಿದೆ. ಆದರೆ ಅದು ರೋಗಿಯ ಮನಸ್ಸನ್ನು ಪ್ರಸನ್ನವಾಗಿಡುವ ಪರಿಚರ್ಯೆ. ಒಬ್ಬೊಬ್ಬನ ವ್ಯಾಧಿಗೆ ಒಂದೊಂದು ಕಥೆಯನ್ನು ಔಷಧವಾಗಿ ವಿಧಿಸುವುದು ಬೇರೆ ಮಾತು.

ಸಿಂಡರೆಲ್ಲಾ ಕಥೆಯನ್ನು ಬೆಟೆಲ್‌ಹೈಮನು ಒಡಹುಟ್ಟಿದವರ ಮತ್ಸರದ ಕಥೆಯೆಂದು ಅರ್ಥೈಸಿದನು. ಅದೇ ಚಿಕಾಗೋ ವಿಶ್ವವಿದ್ಯಾನಿಲಯದಲ್ಲಿ 1962ರಿಂದ 1993ರವರೆಗೆ ಅಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್ ಅವರು ಕನ್ನಡನಾಡಿನ ‘ಹಂಚಿ’ ಎಂಬ ಕಥೆಯನ್ನು ಕನ್ನಡದ ಸಿಂಡರೆಲ್ಲಾ ಎಂದು ವಿವೇಚಿಸಿದ್ದಾರೆ. ಅಲ್ಲಿ ಮಲತಾಯಿಯೂ ಇಲ್ಲ, ಮತ್ಸರದ ಅಕ್ಕಂದಿರೂ ಇಲ್ಲ. ಹೊಂಗೂದಲಿನ ಹುಡುಗಿಯನ್ನು ಅವಳ ಅಣ್ಣನೇ ಮೋಹಿಸುತ್ತಾನೆ. ಅವಳು ಮಣ್ಣಿನ ಮುಖವಾಡವನ್ನು ತೊಟ್ಟು ಮನೆಬಿಟ್ಟು ಹೋಗುತ್ತಾಳೆ. ಮದುವೆಯಾದ ಮೇಲೂ ಕಷ್ಟಗಳು ತಪ್ಪುವುದಿಲ್ಲ. ಒಂದು ದೇಶದ ಪಾಠವನ್ನೇ ಹಿಡಿದು ಮನುಷ್ಯಮಾತ್ರನ ಮನಸ್ಸಿಗೆಲ್ಲ ಅರ್ಥಹೇಳಿದರೆ ಎಷ್ಟು ಕೈತಪ್ಪುವುದೆಂಬುದಕ್ಕೆ ಇದೊಂದು ನಿದರ್ಶನ. ಈ ಲೇಖನವು ಸೇರಿದುದು ಜನಪದ ವಿದ್ವಾಂಸನಾದ ಆಲನ್ ಡಂಡೆಸನು 1982ರಲ್ಲಿ ಸಂಪಾದಿಸಿದ ಸಿಂಡರೆಲ್ಲಾ ಸಂಕಲನದಲ್ಲಿ. ಬೆಟೆಲ್‌ಹೈಮನ ಗ್ರಂಥವು ಜೂಲಿಯಸ್ ಹ್ಯೂಶರನ 1963ರ ಗ್ರಂಥದಿಂದ ಹೇಳದೆ ಎರವಲು ಪಡೆದಿದೆಯೆಂದು, ವಾಕ್ಯಗಳನ್ನು ಅಕ್ಕಪಕ್ಕದಲ್ಲಿಟ್ಟು 1991ರಲ್ಲಿ ತೋರಿಸಿದವನೂ ಈ ಡಂಡೆಸನೇ.

ಅಷ್ಟು ಹೊತ್ತಿಗೆ ಶಾಲೆಯ ಕೀರ್ತಿಗೇ ಪೆಟ್ಟುಬಿದ್ದಿದ್ದಿತು. 1990ರ ಮಾರ್ಚ್ 13ರಂದು ಬೆಟೆಲ್‌ಹೈಮನು ತನ್ನ ಕೈಯಿಂದಲೇ ಪ್ರಾಣಬಿಟ್ಟನು. ಪ್ರಶಂಸಾಲೇಖನಗಳ ಮಸಿ ಆರುವುದರೊಳಗೆ, ಬೆಳೆದು ದೊಡ್ಡವರಾಗಿದ್ದ ಹಳೆಯ ವಿದ್ಯಾರ್ಥಿಗಳ ಕಾಗದಗಳೂ ಲೇಖನಗಳೂ ಪತ್ರಿಕೆಗಳಲ್ಲಿ ಬರಲಾರಂಭಿಸಿದವು. ಆತನು ಮಕ್ಕಳ ಕೆನ್ನೆಗೆ ಹೊಡೆಯುತ್ತಿದ್ದನು, ಎಲ್ಲರೆದುರು ಹೀಯಾಳಿಸುತ್ತಿದ್ದನು, ಆತನ ಹೆಜ್ಜೆಯ ಸಪ್ಪುಳಕ್ಕೆ ಶಾಲೆ ನಡುಗುತ್ತಿತ್ತು ಎಂದು ಅವರು ಬರೆದರು. ದೇಹದಂಡನೆ ಸಲ್ಲದೆಂದು 1987ರಲ್ಲಿ ಪೋಷಕರಿಗೆ ಉಪದೇಶಿಸಿ ಗ್ರಂಥಬರೆದವನು ಇದೇ ವ್ಯಕ್ತಿ. ಆತನಿಗೆ ನಿಷ್ಠರಾಗಿದ್ದ ಸಹೋದ್ಯೋಗಿಗಳಲ್ಲಿಯೂ ಕೆಲವರು ಹೊಡೆತವನ್ನು ಅಲ್ಲಗಳೆಯಲಿಲ್ಲ. ಮಕ್ಕಳ ಉದ್ರೇಕಕ್ಕೆ ಅದೊಂದು ತಡೆಯಾಗಿತ್ತೆಂದು ಸಮರ್ಥಿಸಿದರು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಈ ಸಾಕ್ಷ್ಯವು 1990ರಲ್ಲಿ ಒಮ್ಮೆಲೆ ಹುಟ್ಟಿದುದಲ್ಲ. ಹಳೆಯ ವಿದ್ಯಾರ್ಥಿಯಾದ ಟಾಮ್ ವಾಲೆಸ್ ಲಯನ್ಸನು 1983ರಲ್ಲಿಯೇ ‘ದಿ ಪೆಲಿಕನ್ ಅಂಡ್ ಆಫ್ಟರ್’ ಎಂಬ ಕಾದಂಬರಿಯನ್ನು ಬರೆದಿದ್ದನು. ಅದರಲ್ಲಿನ ಶಾಲೆ ಯಾವುದು, ಅದರ ವೈದ್ಯನು ಯಾರು ಎಂಬುದು ಬಲ್ಲವರಿಗೆ ಸ್ಪಷ್ಟವಾಗಿತ್ತು. ಆದರೆ ಅದು ಕಾದಂಬರಿ, ಬರೆದವನು ಒಮ್ಮೆ ರೋಗಿಯೆನಿಸಿಕೊಂಡಿದ್ದವನು. ಬೆಟೆಲ್‌ಹೈಮನ ವೃತ್ತಾಂತಗಳಾದರೋ ಶಾಸ್ತ್ರವೆನಿಸಿಕೊಂಡಿದ್ದವು. ಕಲ್ಪಿತವೆಂದು ಹೆಸರಿಟ್ಟುಕೊಂಡ ಬರಹದಲ್ಲಿ ಸತ್ಯವಿದ್ದು, ಸತ್ಯವೆಂದು ಹೆಸರಿಟ್ಟುಕೊಂಡ ಬರಹದಲ್ಲಿ ಕಲ್ಪನೆ ಬೆರೆತಿದ್ದಾಗ ಲೋಕವು ಹೆಸರನ್ನೇ ನಂಬಿತು.

1997ರಲ್ಲಿ ರಿಚರ್ಡ್ ಪೊಲ್ಯಾಕನು ಬರೆದ ಜೀವನಚರಿತ್ರೆಯು ಅತ್ಯಂತ ನಿಷ್ಠುರವಾದುದು. ಪೊಲ್ಯಾಕನ ತಮ್ಮನು ಶಾಲೆಯ ವಿದ್ಯಾರ್ಥಿಯಾಗಿದ್ದು, 1948ರಲ್ಲಿ ರಜೆಗೆ ಬಂದಾಗ ಹುಲ್ಲಿನ ಅಟ್ಟದಿಂದ ಬಿದ್ದು ಮೃತನಾಗಿದ್ದನು. ಇಪ್ಪತ್ತು ವರ್ಷಗಳ ಮೇಲೆ ಅಣ್ಣನು ವಿಚಾರಿಸಹೋದಾಗ, ಅದು ಅಪಘಾತವಲ್ಲ, ಆತ್ಮಹತ್ಯೆಯೆಂದೂ, ಅದಕ್ಕೆ ತಾಯಿಯೇ ಹೊಣೆಯೆಂದೂ ಬೆಟೆಲ್‌ಹೈಮನು ಹೇಳಿದನಂತೆ. ಆ ಬಿದ್ದುದನ್ನು ಪೊಲ್ಯಾಕನು ಸ್ವತಃ ಬಳಿಯಲ್ಲಿದ್ದು ಬಲ್ಲವನು. ಶಿಕ್ಷಣದ ವಿಷಯದಲ್ಲಿ ಬೆಟೆಲ್‌ಹೈಮನು ಹೇಳಿಕೊಂಡುದರಲ್ಲಿ ಬಹಳಷ್ಟು ನಿಜವಲ್ಲವೆಂಬುದೂ, ವಿಯೆನ್ನಾದ ಮನೆಯಲ್ಲಿ ಸಾಕಿದ ಸ್ವಲೀನ ಮಗುವಿನ ಆರೈಕೆಯ ಬಹುಭಾಗವು ಆತನ ಮೊದಲ ಪತ್ನಿಯಾದ ಗೀನಾ ಎಂಬಾಕೆಯದೆಂಬುದೂ ಅವನ ಶೋಧನೆಯಿಂದ ವಿದಿತವಾದವು. ನೀನಾ ಸಟ್ಟನ್ ಎಂಬಾಕೆಯೂ ಥೆರಾನ್ ರೇನ್ಸನೂ ಬರೆದ ಚರಿತ್ರೆಗಳು ಇಷ್ಟು ಕಠೋರವಲ್ಲ. ಹದಿಮೂರು ವರ್ಷ ಅಲ್ಲಿದ್ದ ಸ್ಟೀಫನ್ ಎಲಿಯಟ್ಟನು 2003ರಲ್ಲಿ ಬರೆದ ಆತ್ಮವೃತ್ತಾಂತದಲ್ಲಿ ಭಯವೂ ಇದೆ, ಕೃತಜ್ಞತೆಯೂ ಇದೆ. ಶಾಲೆಯಿಂದ ತಾನು ಬದಲಾದೆನೆಂದು ಆತನು ನಂಬುತ್ತಾನೆ.

ಹೀಗೆ ಒಂದೇ ಪ್ರತಿಯಿಂದ ತಿಳಿದಿದ್ದ ಗ್ರಂಥಕ್ಕೆ ಹಲವು ಪ್ರತಿಗಳು ದೊರೆತಂತಾಯಿತು. ಪಾಠಾಂತರಗಳನ್ನು ತೂಗಿದಾಗ ಕೆಲವು ಮಾತುಗಳು ನಿಲ್ಲುತ್ತವೆ. ಪಿಂಗಾಣಿಯ ತಟ್ಟೆ, ತೆರೆದ ಬೀರು, ರಾತ್ರಿ ಹಾಸಿಗೆಯ ಬಳಿ ಕುಳಿತು ಕಥೆ ಓದಿದ ಕೌನ್ಸಲರುಗಳು ಇವೆಲ್ಲ ವಿರೋಧಿಗಳ ಬರಹಗಳಲ್ಲಿಯೂ ಕಾಣಬರುತ್ತವೆ. ಕೌನ್ಸಲರುಗಳನ್ನು ಅವರಲ್ಲಿ ಅನೇಕರು ವಿಶ್ವಾಸದಿಂದಲೇ ನೆನೆಯುತ್ತಾರೆ. ನಿಲ್ಲದಿರುವುದು ಗುಣವಾದವರ ಲೆಕ್ಕ, ತಾಯಂದಿರ ಮೇಲಿನ ಆರೋಪ, ದಂಡನೆಯಿಲ್ಲದ ಶಾಲೆಯೆಂಬ ಚಿತ್ರ. ಐಕ್‌ಹಾರ್ನನು ಹನ್ನೆರಡು ಹುಡುಗರ ಮುಂದೆ ಕೈಕಟ್ಟಿ ನಿಂತುದರಿಂದ ಆರಂಭವಾದ ಪರಂಪರೆಗೆ ತಾನು ಸೇರಿದವನೆಂದು ಹೇಳಿಕೊಂಡವನಲ್ಲಿ ಕೊನೆಯದು ಸಣ್ಣ ದೋಷವಲ್ಲ.

ಶಾಲೆಯು ಇದರಿಂದ ಅಳಿಯಲಿಲ್ಲ. 1973ರಿಂದ 1993ರವರೆಗೆ ಅದನ್ನು ನಡಸಿದ ಜ್ಯಾಕ್ವೆಲಿನ್ ಸ್ಯಾಂಡರ್ಸ್ ಎಂಬಾಕೆಯು ಹಿಂದೆ ಅಲ್ಲಿಯೇ ಕೌನ್ಸಲರಾಗಿದ್ದವಳು. 1989ರಲ್ಲಿ ‘ಎ ಗ್ರೀನ್‌ಹೌಸ್ ಫಾರ್ ದಿ ಮೈಂಡ್’ ಎಂಬ ಗ್ರಂಥವನ್ನು ಬರೆದಳು. ಕಾಲಕ್ರಮದಲ್ಲಿ ತಂದೆತಾಯಿಗಳನ್ನು ಚಿಕಿತ್ಸೆಯಲ್ಲಿ ಸೇರಿಸಿಕೊಳ್ಳುವ ಪದ್ಧತಿಯೂ ಔಷಧಗಳ ಬಳಕೆಯೂ ಅಲ್ಲಿ ಬಂದವು. 2010ರ ದಶಕದಲ್ಲಿ ಶಾಲೆಯು 60ನೆಯ ಬೀದಿಯ ಕಟ್ಟಡವನ್ನು ಬಿಟ್ಟು ಇನ್ನೂ ದಕ್ಷಿಣದ ವುಡ್‌ಲಾನ್ ಭಾಗದಲ್ಲಿ ಹೊಸ ಕಟ್ಟಡಕ್ಕೆ ಹೋಯಿತು. ಕಲಿಕೆಯ ತೊಡಕುಳ್ಳ ಮಕ್ಕಳ ಹಗಲುಶಾಲೆಯೊಂದು ಅಲ್ಲಿ ಅದರ ನೆರೆಯಾಯಿತು.